ಬಸುರಿಯ ಕೂಲಿ, ಸರಕಾರದ ಲೆಕ್ಕ

2011ರ ಜೂನ್ 1ರಂದು ಕೇಂದ್ರ ಸರಕಾರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಸರಕಾರಿ ಆಸ್ಪತ್ರೆಗೆ ಬಂದ ಯಾವ ಬಸುರಿಯೂ ಹೆರಿಗೆಗಾಗಿ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ ಎಂಬುದು ಅದರ ಮಾತು. ಸಹಜ ಹೆರಿಗೆಯಿರಲಿ, ಸಿಸೇರಿಯನ್ ಇರಲಿ, ಔಷಧ, ರಕ್ತ, ತಪಾಸಣೆ ಎಲ್ಲವೂ ಸರಕಾರದ್ದೇ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟ. ಮನೆಯಿಂದ ಆಸ್ಪತ್ರೆಗೆ, ಅಲ್ಲಿಂದ ಅಗತ್ಯ ಬಿದ್ದರೆ ದೊಡ್ಡಾಸ್ಪತ್ರೆಗೆ, ಕೊನೆಗೆ ಮರಳಿ ಮನೆಗೆ ಗಾಡಿ. ಮೊದಲು ಮೂವತ್ತು ದಿನದ ಕೂಸಿಗೆ ಮಾತ್ರ ಇದ್ದ ಉಚಿತ ಚಿಕಿತ್ಸೆಯನ್ನು 2014ರಲ್ಲಿ ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಬಸಿರಿನಲ್ಲಿ ಮತ್ತು ಬಾಣಂತನದಲ್ಲಿ ಬರುವ ತೊಡಕುಗಳಿಗೂ ವಿಸ್ತರಿಸಿದರು. ಕಾಗದದ ಮೇಲೆ ನೋಡಿದರೆ ನಮ್ಮ ಬೆಳಗಾವಿ ಜಿಲ್ಲೆಯ ಈ ಸಾಲಹಳ್ಳಿಯ ಸೊಸೆಯೊಬ್ಬಳ ಬಸಿರಿಗೂ ಬಾಣಂತನಕ್ಕೂ ಖರ್ಚೆಂಬುದೇ ಇಲ್ಲ. ಆದರೆ ಆಮೇಲೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಒಂದು ಹೆರಿಗೆಗೆ ಮನೆಯವರು ಕೈಯಿಂದ ಹಾಕಿದ ಹಣ ಸರಾಸರಿ 2,916 ರೂಪಾಯಿ ಎಂದು ಹೇಳಿತು. ಸೊನ್ನೆ ಇರಬೇಕಾದ ಜಾಗದಲ್ಲಿ ಈ 2,916 ಎಲ್ಲಿಂದ ಬಂತು? ಅದಕ್ಕಿಂತ ಮುಖ್ಯವಾಗಿ, ಹೆರಿಗೆಯ ದಿನದ ಈ ಲೆಕ್ಕದಲ್ಲಿ ಸೇರದೇ ಉಳಿದ ಒಂಬತ್ತು ತಿಂಗಳ ಮತ್ತು ಮುಂದಿನ ಒಂದು ವರ್ಷದ ಖರ್ಚು ಯಾರ ತಲೆಯ ಮೇಲಿದೆ? ಇವತ್ತಿನ ನನ್ನ ಮಾತೆಲ್ಲ ಈ ಎರಡನೆಯ ಪ್ರಶ್ನೆಯ ಸುತ್ತ.

ಮೊದಲು ಆದ ಒಳ್ಳೆಯದನ್ನು ಒಪ್ಪಿಕೊಳ್ಳೋಣ. 2005-06ರ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆದವು ಸುಮಾರು 65, 2019-20ರಲ್ಲಿ 97. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಇಳಿಯಿತು. ಸಾವಿರಕ್ಕೆ 50ರಷ್ಟಿದ್ದ ಶಿಶು ಮರಣ 2005ರಿಂದ 2020ರೊಳಗೆ 19ಕ್ಕೆ ಬಂತು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ, ಅದೇ ಹೊತ್ತಿಗೆ ನೇಮಕಗೊಂಡ ಆಶಾ ಕಾರ್ಯಕರ್ತೆಯರು, 2008ರಲ್ಲಿ ರಾಜ್ಯದ ರಸ್ತೆಗಿಳಿದ 108 ಗಾಡಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡುವ ನರ್ಸುಗಳು, ಇವರೆಲ್ಲರ ದುಡಿಮೆ ಆ ಅಂಕಿಗಳ ಹಿಂದಿದೆ. ಸರಕಾರದಿಂದ ಏನೂ ಆಗುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತು ಹೇಳುವವರು ಈ ಇಪ್ಪತ್ತು ವರ್ಷದ ಲೆಕ್ಕವನ್ನೊಮ್ಮೆ ನೋಡಬೇಕು. ಆದರೆ ಅದೇ 2018-20ರಲ್ಲಿ ತಾಯಂದಿರ ಸಾವಿನಲ್ಲಿ ಕೇರಳದ ಸಂಖ್ಯೆ 19, ನಮ್ಮ ಜಿಲ್ಲೆಗೆ ಅಂಟಿಕೊಂಡಿರುವ ಮಹಾರಾಷ್ಟ್ರದ್ದು 33. ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ನೂರಕ್ಕೆ ತೊಂಬತ್ತೇಳು ಮಂದಿ ಆಸ್ಪತ್ರೆಯಲ್ಲೇ ಹೆರುತ್ತಿದ್ದರೂ ಹೀಗೆ ಎಂದರೆ, ಆಸ್ಪತ್ರೆಗೆ ತಂದು ಮುಟ್ಟಿಸುವ ಕೆಲಸದಿಂದ ಸಿಗಬೇಕಾದ ಲಾಭ ಬಹುಪಾಲು ಸಿಕ್ಕಿ ಮುಗಿದಿದೆ. ಇನ್ನುಳಿದ ಸಾವುಗಳು ಸಂಭವಿಸುವುದು ಹೆರಿಗೆಯ ಮಂಚದ ಮೇಲೆಯೇ ಇರಬಹುದು. ಅವುಗಳ ಬೀಜ ಬಿದ್ದದ್ದು ಮಾತ್ರ ಯಾರೂ ರಕ್ತ ನೋಡದ ನಾಲ್ಕನೆಯ ತಿಂಗಳಲ್ಲಿ, ಯಾರೂ ಬಿ.ಪಿ. ಅಳೆಯದ ಏಳನೆಯ ತಿಂಗಳಲ್ಲಿ.

ಆಸ್ಪತ್ರೆಯ ಚೀಟಿ ಉಚಿತವಾದ ಮಾತ್ರಕ್ಕೆ ತಪಾಸಣೆ ಅಗ್ಗವಾಗುವುದಿಲ್ಲ. ರಾಮದುರ್ಗ ತಾಲೂಕಿನ ಹಳ್ಳಿಯಿಂದ ತಾಲೂಕು ಆಸ್ಪತ್ರೆಗೆ ಬರುವ ಬಸುರಿ ಆ ದಿನದ ಕೂಲಿ ಬಿಡುತ್ತಾಳೆ. ಜೊತೆಗೆ ಬಂದ ಅತ್ತೆಯೋ ಗಂಡನೋ ಕೂಲಿ ಬಿಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರಕಾರಿ ಬಸ್ಸಿನ ಟಿಕೇಟು ತಪ್ಪಿತು. ಬಸುರಿಯರ ಆರೋಗ್ಯಕ್ಕಾಗಿ ಮಾಡಿದ ಯೋಜನೆ ಅದಲ್ಲದಿದ್ದರೂ ತಪಾಸಣೆಗೆ ಹೋಗುವ ಖರ್ಚಿನ ಒಂದು ಭಾಗವನ್ನು ಅದು ಸದ್ದಿಲ್ಲದೆ ಅಳಿಸಿತು. ಆರೋಗ್ಯ ಇಲಾಖೆ ಅದಕ್ಕೆ ಋಣಿಯಾಗಿರಬೇಕು. ಆದರೆ ಬಸ್ಸು ಬರುವ ಹೊತ್ತಿಗೂ ಆಸ್ಪತ್ರೆಯ ಸಾಲಿನ ಹೊತ್ತಿಗೂ ತಾಳೆಯಾಗದಿದ್ದರೆ ಟಂಟಂ ಹಿಡಿಯಬೇಕು, ಅದಕ್ಕೆ ಶಕ್ತಿ ಇಲ್ಲ. ಸ್ಕ್ಯಾನಿಂಗ್ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಸಿಗುವ ಸೇವೆಯಲ್ಲ. ಯಂತ್ರ ಇರಬೇಕು, 1994ರ ಲಿಂಗಪತ್ತೆ ತಡೆ ಕಾಯ್ದೆಯಂತೆ ಅದು ನೋಂದಣಿಯಾಗಿರಬೇಕು, ನೋಡಲು ಅರ್ಹ ವೈದ್ಯರಿರಬೇಕು. ಈ ಮೂರರಲ್ಲಿ ಒಂದು ಇಲ್ಲದ ದಿನ ಖಾಸಗಿ ಸ್ಕ್ಯಾನಿಂಗ್ ಸೆಂಟರೇ ಗತಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆಯಂತೆ 24 ವಾರದೊಳಗೆ ಒಂದು ಸ್ಕ್ಯಾನ್, ಒಟ್ಟು ಎಂಟು ಭೇಟಿ ಆಗಬೇಕು. ಎಂಟು ಭೇಟಿ ಎಂದರೆ ಕೂಲಿ ಮನೆಗೆ ಎಂಟು ದಿನದ, ಜೊತೆಗಾರರನ್ನೂ ಹಿಡಿದರೆ ಹದಿನಾರು ದಿನದ ದುಡಿಮೆ. ಇದರ ಮೇಲೆ ಹೊರಗಿನಿಂದ ತರಲು ಬರೆದುಕೊಟ್ಟ ಔಷಧದ ಚೀಟಿ, ಕೂಸು ಹುಟ್ಟಿದ ಖುಷಿಗೆಂದು ಕೇಳಿ ಪಡೆಯುವ ಚಹಾದ ದುಡ್ಡು. ಸಮೀಕ್ಷೆಯ 2,916 ಹುಟ್ಟುವುದು ಹೆರಿಗೆಯ ಹೊತ್ತಿನ ಇಂಥ ಖರ್ಚುಗಳಿಂದ. ಬಿಟ್ಟುಹೋದ ಕೂಲಿಯಂತೂ ಅದರಲ್ಲಿ ಸೇರಿಯೇ ಇಲ್ಲ.

ಕೂಲಿಯ ಮಾತು ಬಂದಿತಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡೋಣ. 2017ರ ತಿದ್ದುಪಡಿಯಾದ ಮೇಲೆ ಹೆರಿಗೆ ಸೌಲಭ್ಯದ ಕಾನೂನಿಗೆ ಒಳಪಟ್ಟ ಕಚೇರಿ, ಕಾರ್ಖಾನೆಗಳ ನೌಕರಳಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. 182 ದಿನ. ಅದು ನ್ಯಾಯವೇ. ಅದೇ ವರ್ಷ ಜಾರಿಗೆ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ರಜೆ, ಸಂಬಳ ಎರಡೂ ಇಲ್ಲದ ಹೆಂಗಸಿಗೆ ಮೊದಲ ಮಗುವಿಗೆ ಕೊಡುವುದು 5,000 ರೂಪಾಯಿ. ಆಮೇಲೆ ಎರಡನೆಯದು ಹೆಣ್ಣಾದರೆ 6,000 ಎಂದು ಸೇರಿಸಿದರು. 2013ರ ಆಹಾರ ಭದ್ರತಾ ಕಾಯ್ದೆಯ ನಾಲ್ಕನೆಯ ಕಲಮು ಪ್ರತಿ ಬಸುರಿ ಬಾಣಂತಿಗೂ 6,000ಕ್ಕೆ ಕಡಿಮೆಯಾಗದಂತೆ ಕೊಡಬೇಕು ಎಂದು ಹೇಳಿದ ಮೇಲೂ ಇಷ್ಟು. ಗಂಡುಮಗು ಎರಡನೆಯದಾಗಿ ಹುಟ್ಟಿದರೆ ತಾಯಿಗೆ ಏನೂ ಇಲ್ಲ, ಅವಳ ಬೆನ್ನು ನೋಯುವುದಿಲ್ಲವೋ ಏನೋ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಐದು ಸಾವಿರವನ್ನು ಅದರಿಂದ ಭಾಗಿಸಿದರೆ ಹದಿಮೂರೂವರೆ ದಿನ. ಒಬ್ಬಳಿಗೆ 182 ದಿನ, ಇನ್ನೊಬ್ಬಳಿಗೆ ಹದಿಮೂರೂವರೆ. ಸವದತ್ತಿಯ ಕಪ್ಪು ಮಣ್ಣಿನಲ್ಲಿ ಹತ್ತಿ ಬಿಡಿಸುವವಳಿಗೆ, ಬೈಲಹೊಂಗಲದ ಹೊಲದಲ್ಲಿ ಸೋಯಾ ಕಳೆ ಕೀಳುವವಳಿಗೆ, ರಾಮದುರ್ಗದ ನೇಕಾರ ಮನೆಯಲ್ಲಿ ನೂಲು ಸುತ್ತುವವಳಿಗೆ ಎಂಟನೆಯ ತಿಂಗಳವರೆಗೂ ಕೆಲಸ ಬಿಡಲು ಧೈರ್ಯ ಸಾಲದಿದ್ದರೆ ಅದನ್ನು ತಿಳಿವಳಿಕೆಯ ಕೊರತೆ ಎನ್ನುವುದು ಅನ್ಯಾಯ. ಗೋಡೆಯ ಮೇಲೆ ಬರೆಸುವ ಆರೋಗ್ಯ ಸಂದೇಶಗಳಲ್ಲಿ ಬಸುರಿ ಹಗಲು ಎರಡು ತಾಸು ಮಲಗಬೇಕು ಎಂದಿರುತ್ತದೆ. ಆ ಎರಡು ತಾಸಿನ ಕೂಲಿ ಕೊಡುವವರ ಹೆಸರು ಅಲ್ಲಿರುವುದಿಲ್ಲ.

ಹಣದ ಮಾತು ಅಲ್ಲಿಗೆ ಇರಲಿ. ಹಳ್ಳಿಯ ಮಟ್ಟದಲ್ಲಿ ಕೈಗೆ ಹತ್ತಿರದ ಆರೈಕೆ ನಿಜವಾಗಿ ಕೆಲಸ ಮಾಡುತ್ತದೆಯೆ, ಅಥವಾ ಇದು ಕೇಳಲು ಚೆಂದದ ಮಾತೆ? ಇದಕ್ಕೆ ಉತ್ತರವನ್ನು ದೂರದ ದೇಶದಿಂದ ತರಬೇಕಾಗಿಲ್ಲ, ಇದೇ ಬೆಳಗಾವಿ ಜಿಲ್ಲೆಯಲ್ಲಿದೆ. ಹೆರಿಗೆಯ ನಂತರದ ರಕ್ತಸ್ರಾವ ನಮ್ಮ ತಾಯಂದಿರನ್ನು ಬಹುಕಾಲದಿಂದ ಕೊಂದ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪಿನ ಪೆಟ್ಟಿಗೆ ಬೇಕು, ಸೂಜಿ ಹಾಕುವ ಕೈ ಬೇಕು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಪ್ರಯೋಗ ನಡೆಸಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆತ್ತ 1,620 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಅಂಥದೇ ಗುಳಿಗೆ. ಕೊಟ್ಟವರು ತಜ್ಞ ವೈದ್ಯರಲ್ಲ. ಹಳ್ಳಿಗಳಲ್ಲಿ ನರ್ಸಮ್ಮ, ನರ್ಸಬಾಯಿ ಎಂದು ಕರೆಯುವ 25 ಮಂದಿ ಸಹಾಯಕ ಶುಶ್ರೂಷಕಿಯರು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು: ಔಷಧ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚಿನ ರಕ್ತಸ್ರಾವ, ಸಿಕ್ಕವರಲ್ಲಿ 6.4. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ಹೆಂಗಸರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಸಿಕ್ಕಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಫ್ರಿಕಾದ, ಏಷ್ಯಾದ ಎಷ್ಟೋ ದೇಶಗಳ ತಾಯಂದಿರಿಗೆ ಇಂದು ಆ ಗುಳಿಗೆ ಸಿಗುತ್ತಿರುವುದರ ಹಿಂದೆ ನಮ್ಮ ಜಿಲ್ಲೆಯ ಹೆಂಗಸರ ಒಪ್ಪಿಗೆಯಿದೆ, ನಮ್ಮ ನರ್ಸಮ್ಮಂದಿರ ಶ್ರಮವಿದೆ. ಕಿತ್ತೂರ ಚೆನ್ನಮ್ಮನ ಬಗ್ಗೆ ಅಭಿಮಾನ ಪಡುವ ನಾಡು ಈ ಇಪ್ಪತ್ತೈದು ಮಂದಿಯ ಬಗ್ಗೆಯೂ ಒಂದಿಷ್ಟು ಅಭಿಮಾನ ಪಡಬಹುದು.

ಇನ್ನೊಂದು ಅಧ್ಯಯನವೂ ಇಲ್ಲಿನದೇ. ಹುಟ್ಟಿದ ಕೂಡಲೇ ಅಳದ, ಉಸಿರಾಡದ ಕೂಸಿಗೆ ಮೊದಲ ನಿಮಿಷದಲ್ಲಿ ಏನು ಮಾಡಬೇಕೆಂದು ಬೆಳಗಾವಿಯಲ್ಲಿ 599 ಮಂದಿ ಹೆರಿಗೆ ಮಾಡಿಸುವವರಿಗೆ ತರಬೇತಿ ಕೊಟ್ಟರು. ಅದರ ಫಲವಾಗಿ ಸತ್ತೇ ಹುಟ್ಟಿದವೆಂದು ದಾಖಲಾಗುತ್ತಿದ್ದ ಕೂಸುಗಳ ಪ್ರಮಾಣ ನೂರಕ್ಕೆ 3ರಿಂದ 2.3ಕ್ಕೆ ಇಳಿಯಿತು ಎಂದು 2013ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳಿದೆ: ಜೀವಂತ ಹುಟ್ಟಿದ ಕೂಸುಗಳು ಮೊದಲ 28 ದಿನಗಳಲ್ಲಿ ಸಾಯುವ ಪ್ರಮಾಣ ಕದಲಲಿಲ್ಲ. ಹುಟ್ಟುವ ನಿಮಿಷವನ್ನು ಗೆದ್ದ ಮೇಲೆ ಅದರ ಹಿಂದುಮುಂದಿನ ದಿನಗಳು ಹಾಗೆಯೇ ಉಳಿದವು. ತೂಕ ಕಡಿಮೆಯಾಗಿ ಹುಟ್ಟಿದ ಕೂಸು ಮನೆಗೆ ಹೋಗಿ ತಣ್ಣಗಾಗುತ್ತದೆ, ಮೊಲೆ ಹಿಡಿಯುವುದಿಲ್ಲ, ನಂಜಾಗುತ್ತದೆ. ನನ್ನ ವಾದಕ್ಕೆ ಈ ಕದಲದ ಅಂಕಿಯೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ.

ಹಿಂದಿನ ದಿನಗಳ ಕಡೆ ನೋಡಿದರೆ ಮೊದಲು ಕಾಣುವುದು ರಕ್ತಹೀನತೆ. ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ಅದಿದೆ, ಹಿಂದಿನ ಸಮೀಕ್ಷೆಗೂ ಈ ಸಮೀಕ್ಷೆಗೂ ನಡುವೆ ಅದು ಇಳಿದೇ ಇಲ್ಲ. ಆಸ್ಪತ್ರೆ ಹೆರಿಗೆ ನೂರರ ಹತ್ತಿರ ಹೋಗಿರುವಾಗ, ಕಬ್ಬಿಣದ ಗುಳಿಗೆಯನ್ನು ಹೇಳಿದಂತೆ 180 ದಿನ ನುಂಗಿದವರು ನೂರಕ್ಕೆ 27ರ ಒಳಗೆ. ಗುಳಿಗೆ ಉಚಿತವೇ ಇದೆ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಕೂಸು ದಪ್ಪನಾಗಿ ಹೆರಿಗೆ ಕಷ್ಟವಾದೀತೆಂಬ ಹೆದರಿಕೆ ಇರುತ್ತದೆ. ಎರಡನೆಯ ತಿಂಗಳು ಬಂದು ‘ಏನಾತವ್ವ, ನುಂಗಿದೇನ?’ ಎಂದು ಕೇಳುವವರಿದ್ದರೆ ಇವೆಲ್ಲಕ್ಕೂ ಉತ್ತರವಿದೆ. ಕೇಳುವವರಿಲ್ಲದಿದ್ದರೆ ಗುಳಿಗೆಯ ಪಟ್ಟಿ ಮಾಡದಲ್ಲಿ ಉಳಿಯುತ್ತದೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸಿ, ಅಲ್ಲೇ ಗುಳಿಗೆ ನುಂಗಿಸಬೇಕೆಂದು ಹೊರಟಿತು. ಮನೆಯಲ್ಲಿ ಕೊನೆಗೆ ಉಣ್ಣುವ ಸೊಸೆಗೆ ತನ್ನ ಪಾಲಿನ ಊಟ ತನ್ನ ಹೊಟ್ಟೆಗೇ ಹೋಗುವ ಏರ್ಪಾಡು ಅದು, ಬಹಳ ಒಳ್ಳೆಯ ವಿಚಾರ. ಆದರೆ ಮಧ್ಯಾಹ್ನ ಹೊಲದಲ್ಲಿರುವವಳು ಊಟಕ್ಕೆಂದು ಊರೊಳಗಿನ ಅಂಗನವಾಡಿಗೆ ನಡೆದು ಬರಬೇಕೆಂದು ನಿರೀಕ್ಷಿಸಿದ್ದು ಹೊಲದ ದಾರಿ ತುಳಿದವರ ಯೋಚನೆಯಂತೆ ಕಾಣುವುದಿಲ್ಲ. ಊಟ ಉಚಿತ, ಕೆಲಸದ ನಡುವೆ ಬಿಟ್ಟು ಬರುವ ಹೊತ್ತು ಉಚಿತವಲ್ಲ.

ನಮ್ಮ ಕಡೆಯ ಪದ್ಧತಿಯೊಂದು ಈ ಲೆಕ್ಕವನ್ನು ಇನ್ನೂ ತೊಡಕು ಮಾಡುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡನ ಊರಿನಲ್ಲಿ ಕುಬಸ (ಸೀಮಂತ) ಮುಗಿಸಿ, ತವರಿನವರು ಕರೆದುಕೊಂಡು ಹೋಗುವುದು ಏಳನೆಯ ತಿಂಗಳ ಹೊತ್ತಿಗೆ. ವೈದ್ಯಕೀಯವಾಗಿ ನೋಡಿದರೆ ಇದು ಎಚ್ಚರವಿರಬೇಕಾದ ಹೊತ್ತು: ಬಿ.ಪಿ. ಏರುವುದು, ಕಾಲು ಬಾಯುವುದು, ರಕ್ತ ಇನ್ನಷ್ಟು ತಗ್ಗುವುದು ಹೆಚ್ಚಾಗಿ ಈ ಕೊನೆಯ ಮೂರು ತಿಂಗಳಲ್ಲಿ. ಆಗಲೇ ಅವಳು ಒಬ್ಬ ಆಶಾಳ ಪಟ್ಟಿಯಿಂದ ಜಾರಿ ಇನ್ನೊಬ್ಬಳ ಪಟ್ಟಿಗೆ ಇನ್ನೂ ಸೇರದ ಸ್ಥಿತಿಯಲ್ಲಿರುತ್ತಾಳೆ. ತಾಯಿ ಕಾರ್ಡು ಗಂಡನ ಊರಿನ ಉಪಕೇಂದ್ರದ್ದು, ಬ್ಯಾಂಕಿನ ಖಾತೆ ಒಂದು ಕಡೆ, ಆಧಾರಿನ ವಿಳಾಸ ಇನ್ನೊಂದು ಕಡೆ. ಸವದತ್ತಿ ತಾಲೂಕಿನ ಸೊಸೆ ರಾಮದುರ್ಗ ತಾಲೂಕಿನ ಮಗಳಾಗಿದ್ದರೆ ಎರಡು ತಾಲೂಕು ಆರೋಗ್ಯಾಧಿಕಾರಿಗಳ ನಡುವೆ ಬರುತ್ತಾಳೆ. ಬಾಗಲಕೋಟದ ಕಡೆಯವಳಾದರೆ ಎರಡು ಜಿಲ್ಲೆಗಳ ನಡುವೆ. ಕೆಲಸಕ್ಕೆಂದು ಗೋವೆಗೆ ಹೋದ ಕುಟುಂಬವಾದರೆ ಎರಡು ರಾಜ್ಯಗಳ ನಡುವೆ. ತವರಿಗೆ ಹೋಗುವ ರೂಢಿ ತಪ್ಪಲ್ಲ. ತಾಯಿಯ ಮನೆಯಲ್ಲಿ ಸಿಗುವ ನಿದ್ದೆಯನ್ನೂ ಊಟವನ್ನೂ ಯಾವ ಸರಕಾರಿ ಯೋಜನೆಯೂ ಕೊಡಲಾರದು, ಬಾಣಂತನದ ಆ ಮೂರೋ ಐದೋ ತಿಂಗಳು ಬಡ ಹೆಣ್ಣಿಗೆ ಸಿಗುವ ಒಂದೇ ರಜೆ. ಇಂಥ ಗಟ್ಟಿಯಾದ ರೂಢಿಯನ್ನು ಅರಿಯದೆ, ಹೆಂಗಸು ಒಂದೇ ಊರಿನಲ್ಲಿ ಒಂಬತ್ತು ತಿಂಗಳೂ ಕೂತಿರುತ್ತಾಳೆ ಎಂದುಕೊಂಡು ವ್ಯವಸ್ಥೆ ಕಟ್ಟಿದ್ದೇ ತಪ್ಪು. ಒಪ್ಪಿಸಿಕೊಟ್ಟ ಊರಿನ ಆಶಾಳಿಗೂ ಒಪ್ಪಿಸಿಕೊಂಡ ಊರಿನ ಆಶಾಳಿಗೂ ಸಮನಾಗಿ ಹಣ ಸಿಗುವಂತೆ ಮಾಡಿ, ಕುಬಸದ ವಾರವೇ ಒಬ್ಬಳು ಇನ್ನೊಬ್ಬಳಿಗೆ ಫೋನು ಮಾಡಿದರೆ ಮುಗಿಯುವ ಕೆಲಸವಿದು.

ಹೆರಿಗೆಯ ಮುಂದಿನ ದಿನಗಳಿಗೆ ಬಂದರೆ, ಪಕ್ಕದ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳ ‘ಸರ್ಚ್’ ಸಂಸ್ಥೆ ಮಾಡಿದ ಕೆಲಸವನ್ನು ನೆನೆಯಬೇಕು. 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ಕೂಸಿನ ಆರೈಕೆ ಕಲಿಸಿ, ಮನೆಮನೆಗೆ ಕಳಿಸಿದ ಮೂರು ವರ್ಷದಲ್ಲಿ ಮೊದಲ ತಿಂಗಳ ಶಿಶು ಮರಣ ಶೇಕಡಾ 62ರಷ್ಟು ತಗ್ಗಿತೆಂದು 1999ರಲ್ಲಿ ವರದಿಯಾಯಿತು. ಇಂದು ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕೆಂಬ ನಿಯಮದ ಮೂಲ ಅಲ್ಲಿದೆ. ಶೆಟಿಗೆವ್ವ ಬಂದು ಹಣೆಬರಹ ಬರೆಯುವಳೆಂದು ನಮ್ಮವರು ಐದನೆಯ ದಿನ ದೀಪ ಹಚ್ಚಿ ಕಾಯುತ್ತಾರೆ; ಮೊದಲ ತಿಂಗಳಲ್ಲಿ ಸಾಯುವ ಕೂಸುಗಳಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಸಾಯುತ್ತವೆ ಎಂಬುದನ್ನು ಅಂಕಿಗಳು ಬರುವ ಮೊದಲೇ ಅನುಭವದಿಂದ ಬಲ್ಲ ಸಮಾಜವಿದು. ಆದರೆ ಈ ಆರೂ ಭೇಟಿಗಳಿಗೆ ಸೇರಿ ಆಶಾಳಿಗೆ ಸಿಗುವುದು 250 ರೂಪಾಯಿ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತ ಮೇಲೆ ಅವರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಇಡೀ ವ್ಯವಸ್ಥೆಯಲ್ಲಿ ಬಸುರಿಯ ಮನೆಯ ಹೊಸ್ತಿಲು ತುಳಿಯುವ ಒಬ್ಬಳಿಗೆ ಇಂದಿಗೂ ನೌಕರಳೆಂಬ ಹೆಸರಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ. ಎಲ್ಲಕ್ಕಿಂತ ಗಟ್ಟಿಯಾದದ್ದೂ ನಮ್ಮ ನೆಲದ ಪ್ರಯೋಗದಿಂದಲೇ ಬಂದಿದೆ. ಬೆಳಗಾವಿ ಮತ್ತು ಬಾಗಲಕೋಟ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ಆಶಾ ಮತ್ತು ನರ್ಸಮ್ಮಂದಿರು ಮನೆಗೆ ಹೋಗಿ ಬಸುರಿಯರ ಬಿ.ಪಿ. ನೋಡಿ, ಅಪಾಯವಿದ್ದರೆ ಔಷಧ ಕೊಟ್ಟು ಆಸ್ಪತ್ರೆಗೆ ಕಳಿಸುವ ದೊಡ್ಡ ಪ್ರಯೋಗ ನಡೆಯಿತು. ಪಾಕಿಸ್ತಾನ, ಮೊಜಾಂಬಿಕ್ ದೇಶಗಳಲ್ಲೂ ಅದೇ ನಡೆಯಿತು. ಒಟ್ಟಾರೆ ಲೆಕ್ಕದಲ್ಲಿ ತಾಯಿ ಮಕ್ಕಳ ಸಾವು ನೋವು ಕಡಿಮೆಯಾಗಲಿಲ್ಲ. ಮನೆಭೇಟಿಯನ್ನು ಹೊಗಳುವವರು ಇದನ್ನು ಬಚ್ಚಿಡಬಾರದು. ಮೂರು ದೇಶಗಳ ಲೆಕ್ಕವನ್ನು ಒಟ್ಟಿಗೆ ನೋಡಿದಾಗ ಎಂಟು ಅಥವಾ ಹೆಚ್ಚು ಭೇಟಿ ಸಿಕ್ಕವರಲ್ಲಿ ಫಲ ಉತ್ತಮವಾಗಿತ್ತು. ಹಾಗೆ ಹೆಚ್ಚು ಭೇಟಿ ಸಿಕ್ಕವರು ಮೊದಲೇ ಅನುಕೂಲವಿದ್ದವರಾಗಿರಬಹುದು ಎಂಬ ಸಂಶಯಕ್ಕೂ ಜಾಗವಿದೆ, ಅದನ್ನು ಅಲ್ಲಗಳೆಯಲಾರೆ. ನಾನು ಇದರಿಂದ ತೆಗೆದುಕೊಳ್ಳುವ ಪಾಠ ಇಷ್ಟು: ಅಪಾಯವನ್ನು ಪತ್ತೆ ಹಚ್ಚಿದರೆ ಸಾಲದು. ಬಿ.ಪಿ. ಏರಿದೆ ಎಂದು ಗೊತ್ತಾದವಳು ಅಂದೇ ಹೊರಡಬಲ್ಲಳೆ, ಹೋದಲ್ಲಿ ಹಾಸಿಗೆ ಸಿಗುತ್ತದೆಯೆ, ಜೊತೆಗೆ ನಿಲ್ಲುವವರ ಕೂಲಿ ಏನಾಗುತ್ತದೆ, ಮನೆಯಲ್ಲಿ ಬಿಟ್ಟುಬಂದ ಮೊದಲ ಕೂಸನ್ನು ಯಾರು ನೋಡುತ್ತಾರೆ? ಇವುಗಳಿಗೆ ಉತ್ತರವಿಲ್ಲದೆ ಅಳತೆಯ ಯಂತ್ರವೊಂದನ್ನೇ ಕೊಟ್ಟರೆ ಅದು ಕೆಟ್ಟ ಸುದ್ದಿಯನ್ನು ಬೇಗ ತಿಳಿಸೀತು, ಅಷ್ಟೆ. ಮೇಲೆ ಹೇಳಿದ ಮಿಸೊಪ್ರೊಸ್ಟಾಲ್ ಗೆದ್ದದ್ದು ಪರಿಹಾರ ಹೆರಿಗೆಯ ಜಾಗದಲ್ಲೇ, ಹೆರಿಗೆ ಮಾಡಿಸುವವರ ಕೈಯಲ್ಲೇ ಇದ್ದದ್ದರಿಂದ.

ಎರಡನೆಯ ಆಕ್ಷೇಪ ಆಡಳಿತದವರದು. ಸಣ್ಣ ಕೇಂದ್ರಗಳಲ್ಲಿ ಹೆರಿಗೆ ಕಡಿಮೆಯಾಗುತ್ತಿವೆ, ಅಲ್ಲಿ ವೈದ್ಯರನ್ನು ಕೂರಿಸುವುದು ದಂಡ, ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರನ್ನೂ ತಾಲೂಕು ಆಸ್ಪತ್ರೆಯಲ್ಲಿ ಒಟ್ಟುಗೂಡಿಸಿ ಹಗಲೂ ರಾತ್ರಿ ಸೇವೆ ಕೊಡುವುದು ಲೇಸು ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯಕ್ಕಿಂತ ಹೆಚ್ಚೇ ಇದೆ. ಹಳ್ಳಿಯಲ್ಲಿ ಸಿಸೇರಿಯನ್ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ರಾಮದುರ್ಗದಲ್ಲಿ ತಜ್ಞರಿಲ್ಲದ ದಿನ ಮುಂದಿನ ದಾರಿ ಸುಮಾರು ನೂರು ಕಿಲೋಮೀಟರು ದೂರದ ಬೆಳಗಾವಿ. ಹೆರಿಗೆಯ ಮನೆ ದೂರವಾದಷ್ಟೂ, ಯಾರು ಬೇಗ ಹೊರಡಬೇಕು ಎಂದು ಮೊದಲೇ ಗುರುತಿಸುವ ಕೆಲಸ ಹತ್ತಿರದಲ್ಲಿರಬೇಕು. ತಜ್ಞರನ್ನು ಮೇಲೆ ಒಯ್ದ ಸರಕಾರ ಅದೇ ಆದೇಶದಲ್ಲಿ ಉಪಕೇಂದ್ರದ ಖಾಲಿ ಹುದ್ದೆಗಳನ್ನೂ ತುಂಬಬೇಕು. ದೊಡ್ಡಾಸ್ಪತ್ರೆ ಎಂದ ಮಾತ್ರಕ್ಕೆ ಸುರಕ್ಷಿತ ಎಂಬ ನಂಬಿಕೆಗೂ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಪೆಟ್ಟು ಬಿತ್ತು. ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ಸಲೈನ್ ದ್ರಾವಣದ ಗುಣಮಟ್ಟದತ್ತ ಬೆರಳು ತೋರಿಸಲಾಯಿತು. ಆನಂತರ ನಡೆದ ರಾಜ್ಯಮಟ್ಟದ ಪರಿಶೋಧನೆಯಲ್ಲಿ ತಾಯಂದಿರ ಸಾವುಗಳಲ್ಲಿ ಹತ್ತಕ್ಕೆ ಏಳರಷ್ಟು ತಡೆಯಬಹುದಾಗಿದ್ದವು ಎಂದು ಸರಕಾರವೇ ಒಪ್ಪಿಕೊಂಡಿತು.

ಜನರೇ ಖಾಸಗಿಗೆ ಹೋಗುತ್ತಿರುವಾಗ ಸರಕಾರಿ ಸೇವೆಗೆ ಇಷ್ಟು ಸುರಿಯುವುದೇಕೆ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಕರ್ನಾಟಕದಲ್ಲಿ ನೂರಕ್ಕೆ 65 ಹೆರಿಗೆ ಸರಕಾರಿ ಆಸ್ಪತ್ರೆಯಲ್ಲೇ ಆಗುತ್ತವೆ. ಖಾಸಗಿಯಲ್ಲಿ ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಸೇರಿಯನ್, ಸರಕಾರಿಯಲ್ಲಿ ನಾಲ್ಕರಲ್ಲಿ ಒಬ್ಬರಿಗೂ ಕಡಿಮೆ. ಒಳ್ಳೆಯ ಖಾಸಗಿ ವೈದ್ಯರು ನಮ್ಮ ತಾಲೂಕುಗಳಲ್ಲಿದ್ದಾರೆ, ಅವರ ಮೇಲೆ ನನಗೆ ದೂರಿಲ್ಲ. ಆದರೆ ಸಾಲ ಮಾಡಿ, ಬಂಗಾರ ಅಡವಿಟ್ಟು ಅಲ್ಲಿಗೆ ಹೋಗುವುದನ್ನು ಜನರ ಆಯ್ಕೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಕೊನೆಯದು ದುಡ್ಡಿನ ಮಾತು: ಎಲ್ಲವನ್ನೂ ಉಚಿತ ಕೊಟ್ಟು ಖಜಾನೆ ಬರಿದಾಗಿದೆ, ಇನ್ನೆಲ್ಲಿಂದ ತರುವುದು? ಲೆಕ್ಕ ಹಾಕೋಣ. ರಾಜ್ಯದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆರಿಗೆಗಳು. ಅದರಲ್ಲಿ ಅರ್ಧ ಕೂಲಿಯ, ಸಣ್ಣ ಹಿಡುವಳಿಯ, ಮಗ್ಗದ ಮನೆಗಳವು ಎಂದು ಹಿಡಿಯೋಣ. ಪ್ರತಿ ತಾಯಿಗೂ ಎಷ್ಟನೆಯ ಮಗು, ಗಂಡೋ ಹೆಣ್ಣೋ ಎಂದು ಕೇಳದೆ 20,000 ರೂಪಾಯಿ ಕೊಟ್ಟರೆ ಸಾವಿರ ಕೋಟಿ. ಅದು ಉದ್ಯೋಗ ಖಾತ್ರಿ ದರದಲ್ಲಿ 54 ದಿನದ ಕೂಲಿ. ಕಚೇರಿಯ ಅಕ್ಕನ ರಜೆಯ ಮೂರರಲ್ಲಿ ಒಂದು ಪಾಲೂ ಆಗದು. ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಹಣ, ಪೌಷ್ಟಿಕ ಸಾಮಗ್ರಿ ಸೇರಿಸಿ 18,000ದವರೆಗೆ ಕೊಡುತ್ತಲೇ ಬಂದಿದೆ. ನಮ್ಮ ರಾಜ್ಯ ಸರಕಾರದ ಐದು ಗ್ಯಾರಂಟಿ ಯೋಜನೆಗಳಿಗೆ 2024-25ರ ಬಜೆಟ್ಟಿನಲ್ಲಿ ಇಟ್ಟದ್ದು ಸುಮಾರು 52 ಸಾವಿರ ಕೋಟಿ. ಕೇಳುತ್ತಿರುವುದು ಅದರ ಐವತ್ತರಲ್ಲೊಂದು ಭಾಗ. ಆ ಗ್ಯಾರಂಟಿಗಳಲ್ಲಿ ಒಂದಾದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಅದು ಮನೆಯ ಯಜಮಾನಿಗೆ ಬರುತ್ತದೆ. ಕೂಡುಕುಟುಂಬದಲ್ಲಿ ಯಜಮಾನಿ ಎಂದರೆ ಅತ್ತೆ, ಬಸುರಾಗುವವಳು ಸೊಸೆ. ಅತ್ತೆ ಒಳ್ಳೆಯವಳಾಗಿದ್ದರೆ ಸೊಸೆಗೆ ಹಣ್ಣು ಹಾಲು ಬಂದೀತು. ರಾಜ್ಯದ ಆರೋಗ್ಯ ನೀತಿ ಅತ್ತೆಯ ಒಳ್ಳೆಯತನದ ಮೇಲೆ ನಿಲ್ಲಬಾರದು.

ಇಷ್ಟನ್ನು ಬೆಂಗಳೂರು ಕೊಡಬೇಕು. ಅದು ಕೊಡುವವರೆಗೆ ಕಾಯದೆ ಇಲ್ಲೇ ಮಾಡಬಹುದಾದದ್ದೂ ಇದೆ. ಪ್ರತಿ ಊರಿನಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಕಾಗದದಲ್ಲಾದರೂ ಇದೆ, ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿಯ ಅವಕಾಶವಿದೆ. ಆ ಹಣದಿಂದ ಬಿ.ಪಿ. ಯಂತ್ರವನ್ನು ರಿಪೇರಿ ಮಾಡಿಸಬಹುದು, ರಾತ್ರಿ ಹೊರಡಬೇಕಾದ ಬಸುರಿಗೆ ಗಾಡಿ ಹೇಳಬಹುದು. ತಿಂಗಳ 9ನೆಯ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. ಆ ದಿನ ಊರಿನ ಬಸುರಿಯರನ್ನು ಒಂದೇ ಗಾಡಿಯಲ್ಲಿ ಕಳಿಸಿ ಕರೆತರುವುದು ಪಂಚಾಯಿತಿಗೆ ಭಾರವಾಗದು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಗಟಾರು, ಮನೆ ಹಂಚಿಕೆಯ ಮಾತು ಶುರುವಾಗುವ ಮೊದಲು ನಾಲ್ಕು ಸಂಖ್ಯೆಗಳನ್ನು, ಯಾರ ಹೆಸರನ್ನೂ ಹೇಳದೆ, ಓದಿಸಿರಿ: ಊರಿನಲ್ಲಿ ಈಗ ಎಷ್ಟು ಬಸುರಿಯರು, ಅವರಲ್ಲಿ ಎಷ್ಟು ಮಂದಿಯ ರಕ್ತವನ್ನು ಈ ತಿಂಗಳು ನೋಡಲಾಗಿದೆ, ತವರಿಗೆ ಹೋದವರು ಮತ್ತು ತವರಿಗೆ ಬಂದವರು ಎಷ್ಟು, ಹೋದ ತಿಂಗಳು ಹುಟ್ಟಿದ ಕೂಸುಗಳಲ್ಲಿ ಎಷ್ಟರ ಮನೆಗೆ ಆರೂ ಭೇಟಿ ಆಗಿದೆ. ಉತ್ತರ ಸಿಗದಿದ್ದರೆ ಅದನ್ನೂ ಠರಾವಿನಲ್ಲಿ ಬರೆಸಿ, ತಾಲೂಕು ಆರೋಗ್ಯಾಧಿಕಾರಿಗೆ ಕಳಿಸಿರಿ. ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಸಾಲಹಳ್ಳಿಗೆ ಯಾರ ಅನುಮತಿಯೂ ಬೇಕಾಗಿಲ್ಲ.